ಜರ್ಮನಿಯಲ್ಲಿ ಮೊದಲ ಸೆಮಿಸ್ಟರ್: ಪರೀಕ್ಷೆಗೂ ನೀವೇ ಹೆಸರು ಕೊಡಬೇಕು

ಮೊದಲ ಸೆಮಿಸ್ಟರ್‌ನಲ್ಲಿ ನಾನು ಒಂದು ಕ್ಲಾಸನ್ನೂ ತಪ್ಪಿಸಿರಲಿಲ್ಲ. ಕೊಟ್ಟ ಅಸೈನ್‌ಮೆಂಟ್ ಎಲ್ಲ ಮಾಡಿದ್ದೆ. ಫೆಬ್ರವರಿಯಲ್ಲಿ ಪರೀಕ್ಷೆ ಬರೆಯಲು ಹೋದರೆ ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲ. ಕೋರ್ಸಿಗೆ ಸೇರಿದ ಮೇಲೆ ಪರೀಕ್ಷೆಗೂ ಸೇರಿದ ಹಾಗೆ ಅಂದುಕೊಂಡಿದ್ದೆ. ಇಲ್ಲಿ ಅದು ಬೇರೆ, ಇದು ಬೇರೆ. ಪರೀಕ್ಷೆಗೆ ಮತ್ತೆ ಆನ್‌ಲೈನ್‌ನಲ್ಲಿ ಹೆಸರು ಕೊಡಬೇಕು. ಕೊನೆಯ ದಿನ ದಾಟಿತ್ತು. ಅವತ್ತು ರೂಮಿಗೆ ಬಂದು ತುಂಬಾ ಅತ್ತೆ. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಸೇರಿದ ವಾರವೇ ನಿಮ್ಮ ಕೋರ್ಸಿನ ಪರೀಕ್ಷಾ ನಿಯಮಗಳನ್ನು ಓದಿ. ಜರ್ಮನ್ ಬರದಿದ್ದರೆ ಒಬ್ಬ ಸೀನಿಯರ್‌ನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೆಸರು ಕೊಡುವುದು ಯಾವಾಗ, ಹಿಂದೆ ತೆಗೆದುಕೊಳ್ಳಲು ಕೊನೆಯ ದಿನ ಯಾವುದು, ಒಂದು ಪರೀಕ್ಷೆಗೆ ಎಷ್ಟು ಸಲ ಕೂರಬಹುದು ಅಂತ ಹುಡುಕಿ ಬರೆದಿಟ್ಟುಕೊಳ್ಳಿ. ಬಹಳ ಕಡೆ ಮೂರೇ ಸಲ. ಮೂರನೆಯದೂ ಹೋದರೆ ಆ ಕೋರ್ಸಿನಿಂದಲೇ ಹೊರಬೀಳಬೇಕಾಗಬಹುದು. ತಯಾರಿ ಸಾಲದು ಅನಿಸಿದರೆ ಸಮಯಕ್ಕೆ ಮುಂಚೆ ಹೆಸರು ತೆಗೆಯಿರಿ. ಕಾರಣ ಕೊಡದೆ ಸುಮ್ನೆ ಹೋಗದಿದ್ದರೆ ಸಾಮಾನ್ಯವಾಗಿ 5.0 ಬೀಳುತ್ತದೆ. ಇಲ್ಲಿ 1.0 ಅತಿ ಒಳ್ಳೆಯ ಅಂಕ, 4.0 ಪಾಸು, 5.0 ಫೇಲು.

ಹೆಚ್ಚಿನ ವಿಷಯಗಳಲ್ಲಿ ಇಡೀ ಅಂಕ ಕೊನೆಯ ಒಂದೇ ಪರೀಕ್ಷೆಯ ಮೇಲೆ ನಿಂತಿರುತ್ತದೆ. ಮಧ್ಯದಲ್ಲಿ ಯಾರೂ ‘ಓದಿದೆಯಾ?’ ಅಂತ ಕೇಳುವುದಿಲ್ಲ. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಕೆಲಸ. ಆರು ಕ್ರೆಡಿಟ್‌ನ ವಿಷಯಕ್ಕೆ ಕಡಿಮೆ ಅಂದರೂ 150 ಗಂಟೆ ಆಯಿತು, ಅಲ್ವಾ? ಕ್ಲಾಸಿನಲ್ಲಿ ಕೂರುವುದು ಅದರ ಒಂದು ಪಾಲು ಮಾತ್ರ. ಉಳಿದದ್ದನ್ನು ಅಕ್ಟೋಬರ್‌ನಿಂದಲೇ ವಾರವಾರ ಹಂಚಿಕೊಳ್ಳಿ.

ವೇಳಾಪಟ್ಟಿಯಲ್ಲಿ ‘10 ಸಿ.ಟಿ.’ ಅಂತಿದ್ದರೆ ಕ್ಲಾಸು ಶುರುವಾಗುವುದು 10:15ಕ್ಕೆ. ‘ಎಸ್.ಟಿ.’ ಅಂತಿದ್ದರೆ ಸರಿಯಾಗಿ ಹತ್ತಕ್ಕೆ. ಕ್ಲಾಸು ಮುಗಿದಾಗ ಎಲ್ಲರೂ ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಅದೇ ಇಲ್ಲಿಯ ಚಪ್ಪಾಳೆ. ನೀವೂ ಕುಟ್ಟಿ.

ಪ್ರೊಫೆಸರ್ ಹತ್ತಿರ ಹೋಗಲು ನನಗೆ ತುಂಬಾ ಹೆದರಿಕೆ ಇತ್ತು. ಕೇಳಿದರೆ ದಡ್ಡಿ ಅಂದುಕೊಳ್ಳುತ್ತಾರೇನೋ ಅಂತ ಡಿಸೆಂಬರ್‌ವರೆಗೆ ತಳ್ಳಿದೆ. ಅವರು ವಿದ್ಯಾರ್ಥಿಗಳಿಗೆ ಅಂತಲೇ ಬಿಡುವು ಇಟ್ಟಿರುತ್ತಾರೆ. ಅದಕ್ಕೆ ಶ್ಪ್ರೆಶ್ಟುಂಡೆ ಅನ್ನುತ್ತಾರೆ. ಕೊನೆಗೆ ಮೂರು ಪ್ರಶ್ನೆ ಬರೆದುಕೊಂಡು ಹೋದೆ. ಅವರು ಎದ್ದು ಬೋರ್ಡಿನ ಮೇಲೆ ಚಿತ್ರ ಬಿಡಿಸಿ, ಇಪ್ಪತ್ತು ನಿಮಿಷ ವಿವರಿಸಿದರು. ‘ಅರ್ಥವಾಗಲಿಲ್ಲ’ ಅಂತ ಬರಿಗೈಲಿ ಹೋಗಬೇಡಿ. ಎಲ್ಲಿಯವರೆಗೆ ಅರ್ಥವಾಯಿತು, ಎಲ್ಲಿ ಸಿಕ್ಕಿಕೊಂಡಿರಿ ಅಂತ ತೋರಿಸಿ. ಮುಂಚೆ ಮೇಲ್ ಬರೆಯುವುದಿದ್ದರೆ ಮರ್ಯಾದೆಯ ‘ಝೀ’ ಬಳಸಿ. ‘ಡು’ ಸಹಪಾಠಿಗಳಿಗೆ ಸರಿ.

ಸಹಪಾಠಿಗಳ ಮಾತು ಬಂದಿದ್ದರಿಂದ ಹೇಳುತ್ತೇನೆ. ಮೂರು ವಾರ ಪಕ್ಕದಲ್ಲೇ ಕೂತ ಹುಡುಗಿ ನನ್ನ ಹತ್ತಿರ ಮಾತಾಡಿರಲಿಲ್ಲ. ಅವಳಿಗೆ ನಾನು ಇಷ್ಟವಿಲ್ಲ ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ನಾನೇ ‘ಮೆನ್ಸಾಗೆ ಬರ್ತೀಯಾ?’ ಅಂತ ಕೇಳಿದೆ. ಮೆನ್ಸಾ ಅಂದರೆ ಯೂನಿವರ್ಸಿಟಿಯ ಊಟದ ಹಾಲ್. ತಕ್ಷಣ ಬ್ಯಾಗ್ ಎತ್ತಿಕೊಂಡು ಹೊರಟಳು. ಮುಂದೆ ಪರೀಕ್ಷೆಗೆ ಇಬ್ಬರೂ ಒಟ್ಟಿಗೆ ಓದಿದೆವು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ. ಆಗ ಒಬ್ಬರೇ ರೂಮಿನಲ್ಲಿ ಉಳಿಯುವುದು ನಿಜವಾಗಿಯೂ ಕಷ್ಟ. ಅಷ್ಟರೊಳಗೆ ಊಟಕ್ಕೆ ಕರೆಯಲು ಒಬ್ಬರಾದರೂ ಇರಲಿ. ಮನಸ್ಸು ಜಾಸ್ತಿ ಕುಗ್ಗಿದರೆ ಬಹಳಷ್ಟು ಯೂನಿವರ್ಸಿಟಿಗಳಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಆಪ್ತ ಸಲಹೆ ಇದೆ. ಸಂಕೋಚಪಡದೆ ಹೋಗಿ.

ನಿಮ್ಮ ವಿಭಾಗದ ವಿದ್ಯಾರ್ಥಿ ಸಂಘ, ಫಾಖ್‌ಶಾಫ್ಟ್, ಎಲ್ಲಿದೆ ಅಂತ ಮೊದಲ ವಾರವೇ ಕೇಳಿ. ಹಳೆಯ ಪ್ರಶ್ನೆಪತ್ರಿಕೆಗಳು ಎಷ್ಟೋ ಕಡೆ ಅಲ್ಲೇ ಸಿಗುತ್ತವೆ. ಮನೆಗೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿಯ ಪತ್ರ ಬೇಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಸಾಮಾನು ತಂದಿಡಿ.

ಇನ್ನೊಂದು ತಾರೀಖು. ಮುಂದಿನ ಸೆಮಿಸ್ಟರ್‌ಗೂ ಹೆಸರು ತಾನಾಗಿ ಮುಂದುವರಿಯುವುದಿಲ್ಲ. ಸಮಯಕ್ಕೆ ಸೆಮಿಸ್ಟರ್ ಶುಲ್ಕ ಕಟ್ಟಬೇಕು. ಇಲ್ಲದಿದ್ದರೆ ಯೂನಿವರ್ಸಿಟಿಯ ಪಟ್ಟಿಯಿಂದಲೇ ಹೆಸರು ಹೋಗಬಹುದು, ವೀಸಾಗೂ ತೊಂದರೆ. ಆ ದಿನ ಯಾವುದು ಅಂತ ಈಗಲೇ ನೋಡಿ, ಎರಡು ವಾರ ಮುಂಚೆ ಫೋನ್ ಬಡಿದುಕೊಳ್ಳುವ ಹಾಗೆ ಇಟ್ಟುಬಿಡಿ.