ನಾಲಿಗೆ ಉಜ್ಜಿ, ಆದರೆ ಮೆಲ್ಲಗೆ

ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿ ಮುಂದೆ ನಾಲಿಗೆ ಚಾಚಿ ನೋಡಿ. ತುದಿ ಗುಲಾಬಿ ಬಣ್ಣಕ್ಕಿರುತ್ತದೆ. ಹಿಂದೆ ಹೋದಂತೆ ಬಿಳಿ ಪದರ ಕಾಣುತ್ತದೆ, ಅಲ್ವಾ? ಬ್ಯಾಕ್ಟೀರಿಯಾ, ಉದುರಿದ ಜೀವಕೋಶ, ಊಟದ ಚೂರು ಎಲ್ಲ ಸೇರಿ ಆಗಿದ್ದು ಅದು. ನಾಲಿಗೆ ತುಂಬ ಕೂದಲಿನಂಥ ಪುಟ್ಟ ಮುಳ್ಳುಗಳಿವೆ. ಬ್ಯಾಕ್ಟೀರಿಯಾ ಮನೆ ಮಾಡುವುದು ಅವುಗಳ ಸಂದಿಯಲ್ಲೇ. 2020ರಲ್ಲಿ ಪ್ರಕಟವಾದ ಸೂಕ್ಷ್ಮದರ್ಶಕ ಚಿತ್ರಗಳಲ್ಲಿ ಇವು ನಮ್ಮ ಜೀವಕೋಶಗಳನ್ನು ಸುತ್ತುವರಿದು, ಜಾತಿಗೊಂದು ಗುಂಪು ಕಟ್ಟಿಕೊಂಡು ಕೂತಿದ್ದವು. ನೋಡಲು ನಿಜಕ್ಕೂ ಚೆಂದ!

ನಿದ್ದೆಯಲ್ಲಿ ಜೊಲ್ಲು ಕಡಿಮೆ ಊರುತ್ತದೆ. ನಾಲಿಗೆಯ ಹಿಂಭಾಗದ ಆಳಕ್ಕೆ ಗಾಳಿ ಸರಿಯಾಗಿ ತಲುಪುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾ ಪ್ರೋಟೀನ್ ಒಡೆದು ಗಂಧಕದ ಅನಿಲಗಳನ್ನು ಬಿಡುತ್ತವೆ. ಬೆಳಗಿನ ಬಾಯಿ ವಾಸನೆ ಬರುವುದು ಹೀಗೆ.

ಮೊದಲು ಹಲ್ಲುಜ್ಜಿ. ಆಮೇಲೆ ಟಂಗ್ ಕ್ಲೀನರನ್ನು ತೊಳೆದು, ನಾಲಿಗೆ ಚಾಚಿ, ಹಿಂದಿನಿಂದ ತುದಿಯ ಕಡೆಗೆ ಎಳೆಯಿರಿ. ಹಿಂದಕ್ಕೆ ಮುಂದಕ್ಕೆ ಉಜ್ಜಬೇಡಿ. ಪ್ರತಿ ಸಲ ಎಳೆದ ಮೇಲೂ ಕ್ಲೀನರ್ ತೊಳೆಯಿರಿ. ಮೂರ್ನಾಲ್ಕು ಸಲ ಎಳೆದರೆ ಸಾಕು. ಓಕರಿಕೆ ಬಂದರೆ ನಡುಭಾಗದಿಂದ ಶುರು ಮಾಡಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹಿಂದೆ ಹೋಗಿ. ಕ್ಲೀನರ್ ಇಲ್ಲವೇ? ಮೆತ್ತನೆಯ ಬ್ರಷ್ ಆದೀತು. ಕೊನೆಗೆ ನೀರಿನಲ್ಲಿ ಬಾಯಿ ಮುಕ್ಕಳಿಸಿ.

ನಾಲಿಗೆ ಉರಿಯುವಷ್ಟು, ರಕ್ತ ಬರುವಷ್ಟು ಮಾತ್ರ ಕೆರೆಯಬೇಡಿ. ಪದರ ಪೂರ್ತಿ ಹೋಗಬೇಕೆಂದೇನೂ ಇಲ್ಲ. ಅಲ್ಲಿ ನಮಗಾಗಿ ದುಡಿಯುವ ಬ್ಯಾಕ್ಟೀರಿಯಾಗಳೂ ಇವೆ. ಸೊಪ್ಪು, ಬೀಟ್‌ರೂಟ್ ತಿಂದಾಗ ಅದರ ನೈಟ್ರೇಟ್ ರಕ್ತಕ್ಕೆ ಸೇರುತ್ತದೆ. ಅದರಲ್ಲಿ ಸುಮಾರು ಕಾಲು ಭಾಗ ಜೊಲ್ಲಿನ ಮೂಲಕ ಮತ್ತೆ ಬಾಯಿಗೆ ಬರುತ್ತದೆ. ನಾಲಿಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಅದನ್ನು ನುಂಗಿದ ಮೇಲೆ ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ರಕ್ತನಾಳಗಳು ಸಡಿಲಗೊಳ್ಳಲು, ರಕ್ತದೊತ್ತಡ ಹಿಡಿತದಲ್ಲಿರಲು ಇದು ಬೇಕು. ನೈಟ್ರೇಟನ್ನು ನೈಟ್ರೈಟ್ ಮಾಡುವ ಕೆಲಸವನ್ನು ನಮ್ಮ ಜೀವಕೋಶಗಳು ಈ ಬ್ಯಾಕ್ಟೀರಿಯಾಗಳಷ್ಟು ಚೆನ್ನಾಗಿ ಮಾಡಲಾರವು.

ಹಾಗಾಗಿ ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಶನ್ನು ಸುಮ್ನೆ ದಿನಾ ಬಳಸುವುದು ಬೇಡ. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಬಳಸಿದವರ ರಕ್ತದೊತ್ತಡ ತುಸು ಏರಿದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ದಂತವೈದ್ಯರು ಬರೆದುಕೊಟ್ಟಿದ್ದರೆ ಮಾತ್ರ ಅವರು ಹೇಳಿದಷ್ಟು ದಿನ ಬಳಸಿ.

ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ಕ್ಲೀನರ್ ಪಕ್ಕಕ್ಕಿಡಿ. ತಡಮಾಡದೆ ವೈದ್ಯರಿಗೆ ತೋರಿಸಿ.