ಹೊಸಿಲು ದಾಟಿದರೆ ವಡೆ: ಮಗಳ ಮೊದಲ ವರ್ಷ, ಅಪ್ಪನ ಕಡೆಯಿಂದ

ನಮ್ಮ ಮನೆ ಕೋಲಾರದಲ್ಲಿ. ಹೆಂಡತಿ ಸರ್ಕಾರಿ ಶಾಲೆ ಟೀಚರ್. ನಾನು ಮನೆಯಲ್ಲೇ ಕೂತು ಲಗ್ನಪತ್ರಿಕೆ, ಬ್ಯಾನರ್, ಕರಪತ್ರ ಡಿಸೈನ್ ಮಾಡುತ್ತೇನೆ. ನವೆಂಬರ್ ಕೊನೆಗೆ ಮಗಳು ಹುಟ್ಟಿದಾಗಲೇ ಲೆಕ್ಕ ಹಾಕಿದ್ದೆವು. ಅವಳ 180 ದಿನದ ಹೆರಿಗೆ ರಜೆ ಮುಗಿಯುವುದಕ್ಕೂ ಬೇಸಿಗೆ ಕಳೆದು ಶಾಲೆ ಬಾಗಿಲು ತೆರೆಯುವುದಕ್ಕೂ ಸರಿಹೋಗುತ್ತದೆ. ಅಲ್ಲಿಂದ ಹಗಲು ಹೊತ್ತು ಮಗು ನನ್ನ ಪಾಲು. ಅಮ್ಮ ಜೊತೆಗಿದ್ದರು, ಆದರೆ ಅವರಿಗೆ ಮಂಡಿ ನೋವು. ಹಾಗಾಗಿ ಎತ್ತುವುದು, ಇಳಿಸುವುದು, ಹಿಂದೆ ಓಡುವುದು ನನ್ನ ಕೆಲಸ. ಹೇಳುವುದು ಅವರ ಕೆಲಸ.

ಅಮ್ಮನ ತವರು ಮುಳಬಾಗಿಲು ಕಡೆ, ಮನೆಮಾತು ತೆಲುಗು. ಆ ಕಡೆ ಮಗು ಒಂದೊಂದು ಹೊಸದು ಕಲಿತಾಗಲೂ ಒಂದೊಂದು ತಿಂಡಿ ಮಾಡಿ ಅಕ್ಕಪಕ್ಕದವರಿಗೆ ಹಂಚುತ್ತಾರೆ. ಅದಕ್ಕೆ ಪ್ರಾಸ ಕಟ್ಟಿದ ಪಟ್ಟಿಯೇ ಇದೆ. ಬೋರ್ಲಾ ಪಡಿತೇ ಬೊಬ್ಬಟ್ಲು, ಕೂರ್ಚುಂಟೇ ಕುಡುಮುಲು, ಪಾಕಿತೇ ಪಾಯಸಂ, ಗಡಪ ದಾಟಿತೇ ಗಾರೆಲು, ಅಡುಗುಲಕು ಅರಿಸೆಲು. ಮಗುಚಿಕೊಂಡರೆ ಒಬ್ಬಟ್ಟು, ಕೂತರೆ ಕಡುಬು, ಅಂಬೆಗಾಲಿಟ್ಟರೆ ಪಾಯಸ, ಹೊಸಿಲು ದಾಟಿದರೆ ವಡೆ, ಹೆಜ್ಜೆ ಇಟ್ಟರೆ ಕಜ್ಜಾಯ. ಸಾಧನೆ ಮಗುವಿನದು, ತಿನ್ನುವವರು ಮಾತ್ರ ನಾವು.

ನನ್ನ ಫೋನಿನಲ್ಲಿ ಇನ್ನೊಂದು ಪಟ್ಟಿ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕದ 816 ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ್ದು. ಆಸರೆ ಇಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ. ಅಂಬೆಗಾಲು 5.2ರಿಂದ 13.5. ತಾನಾಗಿ ನಡೆಯುವುದು 8.2ರಿಂದ 17.6. ಈ ಅಂಕಿಗಳಲ್ಲಿ ನನಗೆ ಉಪಯೋಗಕ್ಕೆ ಬಂದಿದ್ದು ಅವುಗಳ ಅಗಲ. ನಡಿಗೆ ಒಂದಕ್ಕೇ ಒಂಬತ್ತು ತಿಂಗಳಿಗಿಂತ ಜಾಸ್ತಿ ಅಂತರ ನೋಡಿ. "ನಮ್ಮ ಮೊಮ್ಮಗ ಹತ್ತು ತಿಂಗಳಿಗೇ ಓಡಾಡುತ್ತಿದ್ದ" ಎಂದು ಎದುರು ಮನೆಯವರು ಹೇಳಿದಾಗಲೆಲ್ಲ ನಾನು ನಿಜವಾಗಿಯೂ ಸಂತೋಷಪಟ್ಟು "ಹೌದಾ" ಅನ್ನುತ್ತಿದ್ದೆ. ಅವರ ಮೊಮ್ಮಗನೂ ಸರಿ, ನಮ್ಮ ಮಗಳೂ ಸರಿ.

ಮೊದಲ ಮೂರು ತಿಂಗಳಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. ಹಾಲು, ತೇಗು, ಲಂಗೋಟಿ, ನಿದ್ದೆ, ಮತ್ತೆ ಹಾಲು. ಎರಡನೇ ತಿಂಗಳ ಹತ್ತಿರ ಮುಖ ನೋಡಿ ನಗಲು ಶುರು ಮಾಡಿದಾಗ ಮಾತ್ರ ಈ ವ್ಯವಹಾರದಲ್ಲಿ ನಮಗೂ ಏನೋ ಸಿಗುತ್ತಿದೆ ಅನಿಸಿತು. ನೀರೆರೆಯಲು ಒಬ್ಬ ಅಜ್ಜಿ ಬರುತ್ತಿದ್ದರು. ಕಾಲು ಚಾಚಿ ಕೂತು, ಮಗುವನ್ನು ಬೋರಲು ಹಾಕಿಕೊಂಡು, ಕೊಬ್ಬರಿ ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ಯುವ ಅವರ ಕೈ ನೋಡುವುದೇ ಒಂದು ಪಾಠ. ಅವರು ಬರುವುದು ನಿಂತ ಮೇಲೆ ನಾನೇ ಮಾಡಿಸಿದೆ. ನೀರಿನ ಬಿಸಿ ಅಂಗೈಗೆ ತಿಳಿಯುವುದಿಲ್ಲ. ಮೊಣಕೈ ಅದ್ದಿ ನೋಡಬೇಕು. ಎಣ್ಣೆ ಮೈಯಲ್ಲಿ ಜಾರುವ ಮಗುವನ್ನು ಹಿಡಿಯುವುದಕ್ಕೆ ಎಡಗೈ ಕಂಕುಳ ಕೆಳಗಿಂದ ಹೋಗಿ ಅದರ ತೋಳನ್ನು ಉಂಗುರದ ಹಾಗೆ ಸುತ್ತಿಕೊಳ್ಳಬೇಕು.

ಡಾಕ್ಟರ್ ಮೊದಲೇ "ಬೇಡ"ಗಳನ್ನು ಹೇಳಿದ್ದರು. ಕಿವಿ ಮೂಗಿಗೆ ಎಣ್ಣೆ ಬೇಡ. ಕಣ್ಣಿಗೆ ಕಾಡಿಗೆ ಬೇಡ. ಸಾಂಬ್ರಾಣಿ ಹೊಗೆ ಬೇಡ. ಒಂದು ವರ್ಷದವರೆಗೆ ಜೇನುತುಪ್ಪ ಬೇಡ, ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಹೊಟ್ಟೆಯಲ್ಲಿ ವಿಷ ಮಾಡುತ್ತದೆ. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ. ಅಮ್ಮನಿಗೆ ಸಾಂಬ್ರಾಣಿ ಬಿಡುವುದು ಕಷ್ಟವಾಯಿತು. ದೃಷ್ಟಿ ಬೊಟ್ಟು ಅಂಗಾಲಿಗೆ ಇಡಬಹುದು ಎಂದಾಗ ರಾಜಿಯಾದರು. ಎಣ್ಣೆ ತಿಕ್ಕುವುದು, ತೊಟ್ಟಿಲು, ಜೋಗುಳ, ಮಡಿಲಲ್ಲಿ ಹಾಕಿಕೊಂಡು ತಟ್ಟುವುದು, ಇದಕ್ಕೆಲ್ಲ ಡಾಕ್ಟರ್ ತಕರಾರೇ ಇರಲಿಲ್ಲ.

ಮಗುಚಿಕೊಂಡಿದ್ದು ಯುಗಾದಿ ವಾರದಲ್ಲಿ. ಎಚ್ಚರ ಇದ್ದಾಗ ಚಾಪೆ ಮೇಲೆ ಬೋರಲು ಮಲಗಿಸಿ ಎದುರಿಗೆ ಸ್ಟೀಲ್ ಲೋಟ ಇಡುತ್ತಿದ್ದೆ. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ. ಒಂದು ಸಂಜೆ ಲೋಟ ಉರುಳಿತು, ಅವಳು ಅದನ್ನು ಹಿಡಿಯಲು ಹೋಗಿ ಬೋರಲಿನಿಂದ ಅಂಗಾತ ಬಿದ್ದಳು. ಅಮ್ಮ ಒಪ್ಪಲಿಲ್ಲ. ಅಂಗಾತದಿಂದ ಬೋರಲಾದರೆ ಮಾತ್ರ ಲೆಕ್ಕ ಅಂದರು. ಅದೂ ಎರಡು ಮೂರು ದಿನದಲ್ಲಿ ಆಯಿತು. ಹಬ್ಬದ ಒಬ್ಬಟ್ಟು ಇನ್ನೂ ಡಬ್ಬಿಯಲ್ಲಿತ್ತು. ಅದನ್ನೇ ಹಂಚಿದೆವು. ಅಂದಿನಿಂದ ಮಂಚದ ಮೇಲೆ ಒಂದು ನಿಮಿಷವೂ ಒಂಟಿಯಾಗಿ ಬಿಡಲಿಲ್ಲ. ಅವಳ ಜಾಗ ನೆಲದ ಚಾಪೆಯೇ.

ಮೇ ತಿಂಗಳಲ್ಲಿ ನಿಜವಾದ ಕೆಲಸ ಶುರುವಾಯಿತು. ಊಟ.

ನಮ್ಮ ಕಡೆ ಮಗುವಿನ ಮೊದಲ ಊಟ ಅಂದರೆ ರಾಗಿ ಸರಿ. ಅಂಗಡಿ ಡಬ್ಬಿಯೂ ಸಿಗುತ್ತದೆ, ಆದರೆ ರಾಗಿ ಬೆಳೆಯುವ ಜಿಲ್ಲೆಯಲ್ಲಿದ್ದುಕೊಂಡು ಅದನ್ನು ಕೊಳ್ಳಲು ಮನಸ್ಸು ಬರಲಿಲ್ಲ. ಅಮ್ಮ ಕುರ್ಚಿಯಲ್ಲಿ ಕೂತು ಹೇಳಿದರು, ನಾನು ಮಾಡಿದೆ. ರಾಗಿಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಕಲ್ಲು ಮಣ್ಣು ತೆಗೆದು, ರಾತ್ರಿ ನೆನೆಸಿದೆ. ಬೆಳಿಗ್ಗೆ ನೀರು ಬಸಿದು ಹಳೇ ಪಂಚೆ ತುಂಡಿನಲ್ಲಿ ಗಂಟು ಕಟ್ಟಿಟ್ಟೆ. ಬೇಸಿಗೆಯಲ್ಲಿ ಮಾರನೇ ದಿನಕ್ಕೇ ಬಿಳಿ ಮೊಳಕೆ ಬರುತ್ತದೆ. ಅದನ್ನು ನೆರಳಲ್ಲಿ ಗರಗರ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿದು, ಮನೆ ಮಿಕ್ಸಿಯಲ್ಲೇ ಪುಡಿ ಮಾಡಿದೆ. ಗಿರಣಿಗೆ ಹೋಗುವುದಾದರೆ ನಿಮ್ಮ ಮುಂದೆ ಯಾರು ಏನು ಹಾಕಿಸಿದರು ಎಂದು ಕೇಳಿ. ಖಾರದ ಪುಡಿ ಬೀಸಿದ ಕಲ್ಲಿಗೆ ಮಗುವಿನ ರಾಗಿ ಹಾಕಿಸಿದರೆ ಆಮೇಲೆ ಗೋಳು.

ಕೊನೆಯ ಕೆಲಸ ಬಟ್ಟೆಯಲ್ಲಿ ಜರಡಿ ಹಿಡಿಯುವುದು. ಪಾತ್ರೆ ಬಾಯಿಗೆ ತೆಳು ಬಟ್ಟೆ ಬಿಗಿದು ಕಟ್ಟಿ, ಮೇಲೆ ಹಿಟ್ಟು ಹಾಕಿ ಅಂಗೈಯಿಂದ ಮೆಲ್ಲಗೆ ತಿಕ್ಕುತ್ತಾ ಹೋಗಬೇಕು. ಕೆಳಗೆ ಪೌಡರಿನಂಥ ಹಿಟ್ಟು ಇಳಿಯುತ್ತದೆ, ಮೇಲೆ ಕೆಂಪು ಹೊಟ್ಟು ಉಳಿಯುತ್ತದೆ. ಬೇಗ ಮುಗಿಸಬೇಕೆಂದು ಒತ್ತಿದರೆ ಹೊಟ್ಟೂ ಇಳಿಯುತ್ತದೆ. ಒಂದು ಲಗ್ನಪತ್ರಿಕೆಯ ಪ್ರೂಫ್ ತಿದ್ದುವಷ್ಟು ಹೊತ್ತು ಒಂದು ಲೋಟ ಹಿಟ್ಟಿಗೇ ಬೇಕು. ಅಮ್ಮನ ತಲೆಮಾರಿನವರು ಇದನ್ನು ಅಷ್ಟೊಂದು ಮಕ್ಕಳಿಗೆ ಹೇಗೆ ಮಾಡಿದರೋ.

ಮೊಳಕೆ ಕಟ್ಟುವುದು ಸುಮ್ನೆ ಅಲ್ಲ. ಮೊಳಕೆ ಬರುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಅದು ಪಿಷ್ಟವನ್ನು ಒಡೆಯುತ್ತದೆ, ಹಾಗಾಗಿ ಗಂಜಿ ಅಷ್ಟಾಗಿ ಗಟ್ಟಿಯಾಗುವುದಿಲ್ಲ. ಅಂದರೆ ಅದೇ ಬಟ್ಟಲಿಗೆ ಇನ್ನಷ್ಟು ಹಿಟ್ಟು ಹಿಡಿಸಬಹುದು. ಮಗುವಿನ ಹೊಟ್ಟೆ ಚಿಕ್ಕದು, ಅದಕ್ಕೆ ಬೇಕಾದ್ದು ಜಾಸ್ತಿ. ನೀರು ನೀರಾದ ಗಂಜಿಯಿಂದ ಹೊಟ್ಟೆ ತುಂಬುತ್ತದೆ, ತೂಕ ಏರುವುದಿಲ್ಲ. ನಾನು ನೋಡುತ್ತಿದ್ದ ಹದ ಒಂದೇ: ಚಮಚ ವಾಲಿಸಿದರೆ ತಟ್ಟನೆ ಸುರಿಯಬಾರದು, ನಿಧಾನವಾಗಿ ಜಾರಬೇಕು. ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿ ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ.

ಮೊದಲ ದಿನ ಎರಡು ಚಮಚ ಕೊಟ್ಟೆ. ಒಂದೂಮುಕ್ಕಾಲು ಚಮಚ ವಾಪಸ್ ಬಂತು. ನಾಲಿಗೆಯಿಂದ ಹೊರಗೆ ನೂಕಿದರೆ ಬೇಡ ಅಂತ ಅರ್ಥ ಅಲ್ಲ. ಅಲ್ಲಿಯವರೆಗೆ ಆ ನಾಲಿಗೆಗೆ ಹಾಲು ಚೀಪಿ ಮಾತ್ರ ಗೊತ್ತು. ಒಂದು ವಾರ ಹೀಗೇ ನಡೆಯಿತು. ಆಮೇಲೆ ಚಮಚ ಕಂಡರೆ ಬಾಯಿ ತೆರೆಯುತ್ತಿದ್ದಳು. ರಾಗಿ ತಿಂದ ಮೇಲೆ ಕಕ್ಕ ಕಪ್ಪಗಾಗುತ್ತದೆ, ಹೆದರಬೇಡಿ. ಬೆಂದ ಬೇಳೆ ಕಿವುಚಿದ ಅನ್ನ, ಕ್ಯಾರೆಟ್, ಸಿಹಿಗುಂಬಳ ಒಂದೊಂದಾಗಿ ಬಂದವು. ಶ್ರೀನಿವಾಸಪುರದ ಮಾವು ಮಾರುಕಟ್ಟೆ ತುಂಬಿದ್ದ ಕಾಲ ಅದು. ಮಾವಿನಹಣ್ಣನ್ನು ಮಾತ್ರ ಅವಳು ಒಂದು ತೊಟ್ಟೂ ಹೊರಗೆ ನೂಕಲಿಲ್ಲ.

ಉಪ್ಪು ಸಕ್ಕರೆಗೆ ಮನೆಯಲ್ಲಿ ಸಣ್ಣ ಯುದ್ಧ ಆಯಿತು. ವರ್ಷದವರೆಗೆ ಎರಡೂ ಬೇಡ ಅನ್ನುವುದು ಡಾಕ್ಟರ್ ಮಾತು. "ಚಪ್ಪೆ ಹೇಗೆ ತಿನ್ನುತ್ತೆ ಪಾಪ" ಅನ್ನುವುದು ಅಮ್ಮನ ಮಾತು. ಚಪ್ಪೆ ಅನ್ನುವುದು ಉಪ್ಪಿನ ರುಚಿ ಕಂಡವರಿಗೆ ಮಾತ್ರ. ಅಮ್ಮನಿಗೆ ಒಂದು ಚಮಚ ತುಪ್ಪದ ಅನುಮತಿ ಸಿಕ್ಕಿತು. ಮೊಟ್ಟೆಯನ್ನು ಚೆನ್ನಾಗಿ ಬೇಯಿಸಿ ಕೊಟ್ಟೆವು, ಬರೀ ಹಳದಿ ಅಲ್ಲ, ಪೂರ್ತಿ. ಅಂಗನವಾಡಿಯಲ್ಲಿ ಕೊಡುವ ಪುಷ್ಟಿ ಪುಡಿಯನ್ನೂ ಆಗಾಗ ಕಲಸಿದೆವು. ಒಂಬತ್ತು ತಿಂಗಳ ಹೊತ್ತಿಗೆ ದಿನಕ್ಕೆ ಮೂರು ಊಟ, ಅರ್ಧರ್ಧ ಬಟ್ಟಲು, ನಡುವೆ ಎದೆಹಾಲು.

ಜೂನ್‌ನಲ್ಲಿ ಹೆಂಡತಿ ಕೆಲಸಕ್ಕೆ ಹೋಗತೊಡಗಿದಾಗ ಮಗಳಿಗೆ ಏನೂ ಅನಿಸಲಿಲ್ಲ. ನಮಗೇ ಬೇಜಾರಾಯಿತು. ಅಳು ಬಂದದ್ದು ಆಗಸ್ಟ್‌ನಲ್ಲಿ. ಎಂಟೊಂಬತ್ತು ತಿಂಗಳಿಗೆ ಮಗುವಿಗೆ ಒಂದು ದೊಡ್ಡ ವಿಷಯ ತಿಳಿಯುತ್ತದೆ: ಕಣ್ಣಿಗೆ ಕಾಣದಿದ್ದರೂ ಅಮ್ಮ ಎಲ್ಲೋ ಇದ್ದಾಳೆ. ಇದ್ದಾಳೆ ಅಂದಮೇಲೆ ಯಾಕೆ ಬರುತ್ತಿಲ್ಲ? ಅದೇ ತಿಂಗಳು ಪರಿಚಯದ ಹಾಲಿನವರ ಮೀಸೆಗೂ ಅಳು ಶುರುವಾಯಿತು. ಹಿತ್ತಲ ಬಾಗಿಲಿಂದ ಸದ್ದಿಲ್ಲದೆ ಹೋಗು ಎಂದು ನೆಂಟರೆಲ್ಲ ಹೇಳಿದರು. ಹೆಂಡತಿ ಒಪ್ಪಲಿಲ್ಲ. ದಿನಾ ಮುಂಬಾಗಿಲಲ್ಲೇ ಟಾಟಾ ಹೇಳಿ, ಮುತ್ತು ಕೊಟ್ಟು, ತಿರುಗಿ ನೋಡದೆ ಹೋಗುತ್ತಿದ್ದಳು. ಮೊದಮೊದಲು ಬೀದಿ ಕೇಳುವಷ್ಟು ಅಳು. ಆಮೇಲೆ ಗೇಟಿನ ಸದ್ದಿನ ತನಕ. ಆಮೇಲೆ ಮಗಳೇ ಕೈ ಬೀಸಿ ನನ್ನ ಕಡೆ ತಿರುಗುತ್ತಿದ್ದಳು, ಈಗ ರಾಗಿ ಸರಿ ತಾ ಅನ್ನುವಂತೆ. ಹಗಲಿಡೀ ನಾವು ಆಡುತ್ತಿದ್ದದ್ದೂ ಅದೇ ಪಾಠ: ಟವೆಲ್ಲಿನ ಹಿಂದೆ ಬಚ್ಚಿಟ್ಟುಕೊಳ್ಳುವುದು, "ಕೂ" ಅಂತ ಬರುವುದು.

ಒಂಬತ್ತು ತುಂಬಿದಾಗ ದಡಾರ ರುಬೆಲ್ಲಾ ಲಸಿಕೆ, ವಿಟಮಿನ್ ಎ ಸಿರಪ್. ನಮ್ಮ ಜಿಲ್ಲೆಯಲ್ಲಿ ಮೆದುಳು ಜ್ವರದ ಜೆಇ ಲಸಿಕೆಯೂ ಸೇರುತ್ತದೆ. ತಾಯಿ ಕಾರ್ಡ್ ಮರೆಯದೆ ಒಯ್ಯಿರಿ. ತೂಕದ ಗೆರೆ ಏರುತ್ತಿದೆಯೇ ಎಂದು ಆಶಾ ಕಾರ್ಯಕರ್ತೆ ಅದರಲ್ಲೇ ತೋರಿಸಿದರು. ಮಗು ದಪ್ಪ ಇದೆಯೋ ಸಣ್ಣ ಇದೆಯೋ ಅನ್ನುವ ಬೀದಿಯ ತೀರ್ಪಿಗಿಂತ ಆ ಗೆರೆ ವಾಸಿ.

ಇನ್ನು ಪಾಯಸದ ವಿಷಯ. ಕೂತಿದ್ದು ಜುಲೈನಲ್ಲಿ, ಕಡುಬು ಆಯಿತು. ಅಂಬೆಗಾಲು ಬರಲೇ ಇಲ್ಲ. ಅವಳು ಕೂತಲ್ಲೇ ಒಂದು ಕೈ ಊರಿ, ಒಂದು ಕಾಲು ಮಡಚಿ, ಅಂಡಿನ ಮೇಲೆ ಸರಿಯುತ್ತಿದ್ದಳು. ವೇಗಕ್ಕೇನೂ ಕೊರತೆ ಇರಲಿಲ್ಲ. ಎರಡೂ ಕಾಲಿಗೆ ಒಂದೇ ರೀತಿ ಬಲ ಇದೆಯಾ, ಹಿಡಿದು ನಿಲ್ಲಿಸಿದರೆ ಭಾರ ಬಿಡುತ್ತಾಳಾ ಎಂದು ಡಾಕ್ಟರ್ ನೋಡಿ, ಸರಿ ಇದೆ ಅಂದರು. ನನ್ನ ಫೋನಿನ ಅಧ್ಯಯನದಲ್ಲೂ ಶೇಕಡ 4ರಷ್ಟು ಮಕ್ಕಳು ಅಂಬೆಗಾಲು ಇಡದೆಯೇ ಮುಂದೆ ಹೋಗಿದ್ದರು. ಅಮ್ಮನಿಗೆ ಅದರ ಚಿಂತೆ ಇರಲಿಲ್ಲ. ಪಾಯಸ ಮಾಡಬೇಕೋ ಬೇಡವೋ ಅನ್ನುವುದೇ ಅವರ ಚಿಂತೆ.

ಅಷ್ಟರಲ್ಲಿ ಗಣೇಶನ ಹಬ್ಬ ಕಳೆದು ಕೆಲವೇ ದಿನಕ್ಕೆ ಅವಳು ಅಡುಗೆಮನೆ ಹೊಸಿಲಿಗೆ ಬಂದಳು. ನಮ್ಮದು ಹಳೇ ಮನೆ, ಕಲ್ಲಿನ ಹೊಸಿಲು, ಗೇಣಿಗೆ ಸ್ವಲ್ಪ ಕಮ್ಮಿ ಎತ್ತರ. ಮೊದಲು ಅದರ ಮೇಲಿನ ಕುಂಕುಮ ಉಜ್ಜಿ ನೆಕ್ಕಿದಳು. ಆಮೇಲೆ ಎರಡೂ ಅಂಗೈ ಊರಿ, ಒಂದು ಕಾಲು ಒಳಗೆ ಹಾಕಿ, ಕಲ್ಲಿನ ಮೇಲೆ ಕುದುರೆ ಸವಾರಳಾಗಿ ಕೂತು ನಮ್ಮನ್ನು ನೋಡಿದಳು. ಅಮ್ಮ ನನ್ನ ಕೈ ಹಿಡಿದುಕೊಂಡರು, ಎತ್ತಬೇಡ ಅಂತ. ಇನ್ನೊಂದು ಕಾಲು ಎಳೆದುಕೊಂಡು ದೊಪ್ಪನೆ ಒಳಗೆ ಬಿದ್ದಳು. ಅಳಲಿಲ್ಲ. ಒಲೆ ಕಟ್ಟೆ ಕೆಳಗೆ ಬಿದ್ದಿದ್ದ ಸಾಸಿವೆ ಕಾಳು ಕಂಡಿತ್ತು. ಹೆಬ್ಬೆರಳು ತೋರುಬೆರಳು ಸೇರಿಸಿ ಒಂದೊಂದೇ ಹೆಕ್ಕತೊಡಗಿದಳು. ಎರಡು ಬೆರಳಲ್ಲಿ ಹೆಕ್ಕುವುದೂ ಆ ತಿಂಗಳ ದೊಡ್ಡ ಸಾಧನೆಯೇ, ಆದರೆ ಅದಕ್ಕೆ ಅಮ್ಮನ ಪಟ್ಟಿಯಲ್ಲಿ ತಿಂಡಿ ಇಲ್ಲ.

ಅಂದು ಸಂಜೆ ವಡೆ, ಪಾಯಸ ಎರಡೂ ಆದವು. ಸರಿದರೂ ಸರಿಯೇ ಎಂದು ಅಮ್ಮ ತೀರ್ಮಾನಿಸಿದರು.

ಆ ಸಾಸಿವೆ ನನಗೆ ಬೇರೆ ಕೆಲಸ ಹಚ್ಚಿತು. ಕಡಲೆಕಾಯಿ ಬೀಜ, ಬಟಾಣಿ, ಕೊಬ್ಬರಿ ಚೂರು, ಗುಂಡಿ, ನಾಣ್ಯ, ರಿಮೋಟಿನ ಬಟನ್ ಬ್ಯಾಟರಿ ಎಲ್ಲ ಮೇಲಕ್ಕೆ ಹೋದವು. ದಿನಾ ಬೆಳಿಗ್ಗೆ ನೆಲಕ್ಕೆ ಮುಖ ತಾಗಿಸಿ ಅವಳ ಕಣ್ಣಿನ ಎತ್ತರದಿಂದ ಮನೆ ನೋಡುವ ಅಭ್ಯಾಸವಾಯಿತು. ಒಂದು ಮಾತು ಗೊತ್ತಿರಲಿ. ಗಂಟಲಿಗೆ ತುತ್ತು ತಾಗಿ ಓಕರಿಸುವ ಮಗು ಸದ್ದು ಮಾಡುತ್ತದೆ, ಕೆಮ್ಮುತ್ತದೆ. ಅದನ್ನು ಕೆಮ್ಮಲು ಬಿಡಿ. ನಿಜವಾಗಿ ಸಿಕ್ಕಿಕೊಂಡರೆ ಸದ್ದೇ ಬರುವುದಿಲ್ಲ. ಆಗ ಮುಂದೋಳಿನ ಮೇಲೆ ತಲೆ ತಗ್ಗಿಸಿ ಬೋರಲು ಹಾಕಿ ಬೆನ್ನಿನ ನಡುವೆ ಐದು ಪೆಟ್ಟು, ತಿರುಗಿಸಿ ಎದೆಯ ನಡುವೆ ಐದು ಒತ್ತು. ಬಾಯಿಗೆ ಕುರುಡಾಗಿ ಬೆರಳು ಹಾಕಬಾರದು. ಇದನ್ನು ಮನೆಯವರೆಲ್ಲ ಗೊಂಬೆ ಮೇಲೆ ಮಾಡಿ ಕಲಿತೆವು, ಅಮ್ಮನೂ.

ಹನ್ನೊಂದನೇ ತಿಂಗಳಲ್ಲಿ ತಿರುಮಲಕ್ಕೆ ಹೋಗಿ ಮುಡಿ ಕೊಟ್ಟು ಬಂದೆವು. ಬೋಳು ತಲೆಯ ಮಗಳನ್ನು ಹಾಲಿನವರು ಗುರುತು ಹಿಡಿಯಲಿಲ್ಲ. ಅವಳು ಅವರ ಮೀಸೆ ನೋಡಿ ನಕ್ಕಳು.

ಹುಟ್ಟುಹಬ್ಬದ ಹೊತ್ತಿಗೆ ಸೋಫಾ ಹಿಡಿದು ಅಡ್ಡಡ್ಡ ನಡೆಯುತ್ತಿದ್ದಳು. ಕೈ ಬಿಟ್ಟರೆ ಕೂತುಬಿಡುತ್ತಿದ್ದಳು. ನಮ್ಮ ಮುದ್ದೆ ಊಟದಲ್ಲಿ ಅವಳಿಗೂ ಪಾಲು ಬಂದಿತ್ತು, ಸಾರಿಗೆ ಖಾರ ಹಾಕುವ ಮುಂಚೆ ಅವಳ ಪಾಲು ತೆಗೆದಿಡುತ್ತಿದ್ದೆ. ಅಮ್ಮ ಕಜ್ಜಾಯಕ್ಕೆ ಅಂತ ಒಂದು ಅಚ್ಚು ಬೆಲ್ಲ ತರಿಸಿಟ್ಟಿದ್ದರು. ಹೆಜ್ಜೆ ಇಡುವ ತನಕ ಯಾರೂ ಮುಟ್ಟುವ ಹಾಗಿಲ್ಲ. ನನ್ನ ಫೋನಿನ ಪಟ್ಟಿ ಪ್ರಕಾರ ಅದು ಇನ್ನೂ ಐದೂವರೆ ತಿಂಗಳು ಕಾಯಬೇಕಾಗಬಹುದು ಎಂದೆ. "ಇರುವೆಗೆ ಹೇಳು ಅದನ್ನ" ಅಂದರು.