ಮನೆಯಲ್ಲೇ ಮಾಡಬಹುದಾದ ವಿಶ್ರಾಂತಿಯ ಯೋಗ

ದಿನದ ಕೆಲಸ ಮುಗಿದ ಮೇಲೂ ಭುಜ, ದವಡೆಗಳ ಬಿಗಿತ ಸಡಿಲವಾಗದವರು, ಆಸರೆಯ ಮೇಲೆ ದೇಹವನ್ನು ಪೂರ್ತಿಯಾಗಿ ಒರಗಿಸಿ ಮಾಡುವ ಸೌಮ್ಯ ಯೋಗವನ್ನು ಮನೆಯಲ್ಲೇ ಅಭ್ಯಾಸ ಮಾಡಬಹುದು. ದಿಂಬು, ಕಂಬಳಿಗಳಂತಹ ಆಸರೆಗಳನ್ನು ಆಸನಗಳಲ್ಲಿ ಬಳಸುವ ಕ್ರಮವನ್ನು ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರು ವ್ಯಾಪಕವಾಗಿ ರೂಢಿಗೆ ತಂದರು. ಇಲ್ಲಿ ಸ್ನಾಯುಗಳನ್ನು ಹಿಗ್ಗಿಸುವುದು ಉದ್ದೇಶವಲ್ಲ. ಎಲ್ಲಿಯಾದರೂ ಎಳೆತ ಕಂಡರೆ ಆಸರೆ ಸಾಲದೆಂದೇ ತಿಳಿಯಬೇಕು.

ಆರಂಭಿಸುವವರಿಗೆ, ಕಾಲುಗಳನ್ನು ಗೋಡೆಗೆ ಚಾಚಿ ಮಲಗುವ ವಿಪರೀತಕರಣಿಯೇ ಸೂಕ್ತವೆಂಬುದು ನನ್ನ ಅಭಿಪ್ರಾಯ. ಗೋಡೆಗೆ ಪಕ್ಕವಾಗಿ ಕುಳಿತು, ಒಂದು ಮಗ್ಗುಲಿಗೆ ಹೊರಳುತ್ತಾ ಕಾಲುಗಳನ್ನು ಗೋಡೆಯ ಮೇಲೆ ಚಾಚಿ, ಸೊಂಟದ ಕೆಳಗೆ ಮಡಿಸಿದ ಕಂಬಳಿಯನ್ನಿಟ್ಟು, ಅಂಗೈಗಳು ಮೇಲ್ಮುಖವಾಗಿರುವಂತೆ ತೋಳುಗಳನ್ನು ನೆಲಕ್ಕೆ ಬಿಡಬೇಕು. ತೊಡೆಯ ಹಿಂಭಾಗ ಎಳೆದಂತಾದರೆ ಗೋಡೆಯಿಂದ ಗೇಣುದ್ದ ಹಿಂದೆ ಸರಿದು ಮೊಣಕಾಲುಗಳನ್ನು ತುಸು ಮಡಿಸಿದರಾಯಿತು. ಗದ್ದ ಮೇಲಕ್ಕೆ ಎದ್ದಿದ್ದರೆ ಕತ್ತು ಬಿಗಿಯುತ್ತದೆ. ತಲೆಯಡಿ ತೆಳುವಾಗಿ ಮಡಿಸಿದ ಟವೆಲ್ ಇಟ್ಟರೆ ಅದು ಸರಿಹೋಗುತ್ತದೆ. ಹೀಗೆ 5ರಿಂದ 10 ನಿಮಿಷ, ಒಳಗೆಳೆದದ್ದಕ್ಕಿಂತ ನಿಧಾನವಾಗಿ ಉಸಿರನ್ನು ಹೊರಬಿಡುತ್ತಾ ಇರಬೇಕು. ಉಸಿರು ಹೊರಬಿಡುವಾಗ ಹೃದಯದ ಬಡಿತ ಸಹಜವಾಗಿಯೇ ನಿಧಾನವಾಗುತ್ತದೆ. ಕಾಲು ಜೋಮು ಹಿಡಿದರೆ ಕೂಡಲೇ ಇಳಿಸಿ.

ಬಳಿಕ ಮೊಣಕಾಲುಗಳಡಿ ದಿಂಬಿಟ್ಟು ಶವಾಸನ ಮಾಡಬಹುದು. ಅಲುಗಾಡದೆ ಮಲಗಿದಾಗ ಮೈ ತಣ್ಣಗಾಗುವುದರಿಂದ ಹೊದಿಕೆಯನ್ನು ಮೊದಲೇ ಕೈಗೆಟಕುವಂತೆ ಇಟ್ಟುಕೊಳ್ಳಿ. ಏಳುವಾಗ ಬಲ ಮಗ್ಗುಲಿಗೆ ಹೊರಳಿ, ಕೈಯೂರಿ, ತಲೆಯನ್ನು ಕೊನೆಯಲ್ಲಿ ಎತ್ತಬೇಕು. ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ) ಅಥವಾ ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ಹಾಗೂ ಗರ್ಭಿಣಿಯರು ದಯವಿಟ್ಟು ವೈದ್ಯರನ್ನು ಕೇಳದೆ ವಿಪರೀತಕರಣಿಗೆ ತೊಡಗಬೇಡಿ.